ಐಸ್ ಡ್ರಮ್ಮೋ, ಮೈನಸ್ 110ರ ರೂಮೋ?

ಈ ತಿಂಗಳು ಬಂದ ಪತ್ರ, ವಾಟ್ಸಾಪ್ ಎಲ್ಲಾ ಸೇರ್ಸಿ ನೋಡಿದ್ರೆ ಅರ್ಧಕ್ಕರ್ಧ ಒಂದೇ ವಿಷ್ಯ, ಆಟ ಆಡಿ ಬಂದು ಐಸಲ್ಲಿ ಕೂರ್ಬೇಕಾ ಬೇಡ್ವಾ ಅಂತ. ಮಂಡಿ, ಸೊಂಟದ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಎತ್ತಿಟ್ಟಿದೀನಿ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಸಾರ್, ನಾನು ಕಬಡ್ಡಿ ರೈಡರ್. ಹೊನಲು ಬೆಳಕಿನ ಟೂರ್ನಮೆಂಟ್ ಅಂದ್ರೆ ಎರಡು ರಾತ್ರಿಲಿ ಐದಾರು ಮ್ಯಾಚ್ ಆಗ್ತವೆ, ಎರಡ್ನೇ ದಿನ ತೊಡೆ ಎತ್ತಕ್ಕೇ ಆಗಲ್ಲ. ನಮ್ ಟೀಮಿನವ್ನೊಬ್ಬ ಬೆಂಗಳೂರಿಗೆ ಹೋಗಿ ಮೈನಸ್ 110 ಡಿಗ್ರಿ ರೂಮಲ್ಲಿ ಮೂರು ನಿಮಿಷ ನಿಂತ್ಕೊಂಡು ಬಂದವ್ನೆ, ಲ್ಯಾಕ್ಟಿಕ್ ಆ್ಯಸಿಡ್ ಎಲ್ಲಾ ಕ್ಲೀನ್ ಆಗೋಯ್ತು ಅಂತಾನೆ. ನಾನೂ ದುಡ್ಡು ಹಾಕ್ಬೋದಾ?
– ಕಬಡ್ಡಿ ಆಟಗಾರ, ಗುಬ್ಬಿ

ಉತ್ತರ: ತಮ್ಮಾ, ಮೊದ್ಲು ಆ ಲ್ಯಾಕ್ಟಿಕ್ ಆ್ಯಸಿಡ್ ಕಥೆ ಬಿಟ್ಬಿಡು. ಆಟ ಮುಗಿದು ಒಂದೊಂದೂವರೆ ಗಂಟೆಲಿ ಅದು ತಾನಾಗೇ ರಕ್ತದಿಂದ ಇಳಿದುಹೋಗಿರತ್ತೆ, ಯಾವ ಐಸೂ ಬೇಕಾಗಿಲ್ಲ. ಮರುದಿನ ಹಿಡ್ಕೊಳೋ ನೋವು ಬೇರೆ. ನೀನು ಓಡ್ತಾ ಓಡ್ತಾ ಗಕ್ಕಂತ ನಿಂತು ಲೈನ್ ಕಡೆ ತಿರುಗ್ತೀಯಲ್ಲ, ಆಗ ತೊಡೆ ಮುಂದಿನ ಮಾಂಸಖಂಡ ಬಿಗಿ ಹಿಡ್ಕೊಂಡೇ ಉದ್ದಕ್ಕೆ ಎಳೆಸ್ಕೊಳತ್ತೆ, ಸಣ್ಣ ಸಣ್ಣ ಎಳೆ ಕಿತ್ತೋಗತ್ತೆ, ಅದನ್ನ ರಿಪೇರಿ ಮಾಡಕ್ಕೆ ಮೈ ಅಲ್ಲಿಗೆ ರಕ್ತ, ನೀರು ಎಲ್ಲಾ ಕಳ್ಸತ್ತೆ, ಊದ್ಕೊಳತ್ತೆ, 24ರಿಂದ 72 ಗಂಟೆ ತನಕ ನೋವು ಜೋರಾಗಿರತ್ತೆ. ಮಧುಗಿರಿ ಬೆಟ್ಟ ಹತ್ತಿ ಬಂದವ್ರನ್ನ ಕೇಳು, ಹತ್ತಿದ್ದಕ್ಕಿಂತ ಇಳಿದಿದ್ದೇ ಮರುದಿನ ಜೀವ ತೆಗೆಯತ್ತೆ. ಅದೂ ಇದೇ ಲೆಕ್ಕ.

ಇನ್ನು ಆ ರೂಮಿನ ಕಥೆ, ಕ್ರಯೋ ರೂಮ್ ಅಂತಾರೆ ಅದಕ್ಕೆ. ಅದು ಶುರುವಾಗಿದ್ದು ಆಟಗಾರರಿಗೆ ಅಂತ ಅಲ್ವೇ ಅಲ್ಲ. 1978ರಲ್ಲಿ ಜಪಾನಿನ ಯಮಾಉಚಿ ಅನ್ನೋ ಡಾಕ್ಟ್ರು ಕೀಲುವಾತದ ರೋಗಿಗಳಿಗೆ ಮಾಡಿದ್ದು, ನೋವು ಕಮ್ಮಿ ಆದ್ರೆ ಕೈಕಾಲು ಮಡಚೋ ಎಕ್ಸರ್ಸೈಜ್ ಮಾಡಿಸ್ಬೋದಲ್ಲಾ ಅಂತ. ಆಮೇಲೆ ಪೋಲೆಂಡಿಗೆ ಹೋಯ್ತು, ಅಲ್ಲಿ ಸ್ಪಾವಾ ಅನ್ನೋ ಊರಿನ ಒಲಿಂಪಿಕ್ ಸೆಂಟರಲ್ಲಿ ಆಟಗಾರರು ನುಗ್ಗಿದ್ರು, 2011ರಲ್ಲಿ ವರ್ಲ್ಡ್ ಕಪ್ಪಿಗೆ ಮುಂಚೆ ವೇಲ್ಸ್ ರಗ್ಬಿ ಟೀಮು ಅಲ್ಲೇ ಕ್ಯಾಂಪ್ ಹಾಕಿತ್ತು. ಅಲ್ಲಿಂದ ಫೋಟೋಗಳು, ಫೋಟೋಗಳಿಂದ ನಿನ್ ಫ್ರೆಂಡು.

ಮೈನಸ್ 110 ಅಂದ ತಕ್ಷಣ ಹೆದ್ರಿಕೆ ಆಗತ್ತೆ ನಿಜ. ಆದ್ರೆ ಮನೇಲೇ ನೋಡು, ಫ್ರಿಜ್ಜಿನ ಫ್ರೀಜರ್ ಒಳಗೆ, ಏನೂ ಮುಟ್ಟದೆ, ಒಂದು ನಿಮಿಷ ಕೈ ಇಟ್ಟಿರು, ಏನೂ ಆಗಲ್ಲ. ಅದೇ ಐಸ್ ಹಾಕಿದ ಬಕೆಟ್ ನೀರಲ್ಲಿ ಒಂದು ನಿಮಿಷ ಕೈ ಇಡು, ಮೂಳೆ ಕೊರೆಯತ್ತೆ. ಫ್ರೀಜರ್ ಮೈನಸ್ 18, ಬಕೆಟ್ ನೀರು ಸೊನ್ನೆಗಿಂತ ಮೇಲೆ, ಆದ್ರೂ ನೀರೇ ಜಾಸ್ತಿ ಕಚ್ಚತ್ತೆ, ಯಾಕಂದ್ರೆ ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಬಿಸಿ ದಾಟಿಸತ್ತೆ. ಹಂಗಾಗಿ ಆ ರೂಮಲ್ಲಿ ಮೂರು ನಿಮಿಷ ನಿಂತ್ರೆ ಚರ್ಮ ಗಡಗಡ ಅನ್ನತ್ತೆ, ನರ ಮಂಕಾಗತ್ತೆ, ನೋವು ಗೊತ್ತಾಗಲ್ಲ. ಒಳಗಿನ ಮಾಂಸಖಂಡ ತಣ್ಣಗಾಗೋದು ಒಂದೆರಡು ಡಿಗ್ರಿ ಅಷ್ಟೇ. ಕಿತ್ತೋದ ಎಳೆ ಕಿತ್ತೇ ಇರತ್ತೆ.

ಪುರಾವೆ ಏನಿದೆ ಅಂತೀಯಾ? ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ, ಯಾವ ಚಿಕಿತ್ಸೆ ಕೆಲಸ ಮಾಡತ್ತೆ ಅಂತ ಎಲ್ಲಾ ಪ್ರಯೋಗ ಒಟ್ಟಿಗೆ ಹರಡ್ಕೊಂಡು ನೋಡೋರು. ಈ ಕೋಲ್ಡ್ ರೂಮಿನ ಬಗ್ಗೆ 2015ರಲ್ಲಿ ಅವ್ರಿಗೆ ಲೆಕ್ಕಕ್ಕೆ ಸಿಕ್ಕಿದ್ದು ನಾಲ್ಕೇ ಪ್ರಯೋಗ, ಒಟ್ಟು 64 ಜನ. ಅದರಲ್ಲಿ ಹೆಂಗಸ್ರು ನಾಲ್ಕೇ ಜನ. ಕೆಲಸ ಮಾಡತ್ತೆ ಅನ್ನಕ್ಕೆ ಇದು ಸಾಲದು ಅಂದ್ಬಿಟ್ರು. ತಣ್ಣೀರಿನ ತೊಟ್ಟಿ ಬಗ್ಗೆ 2012ರಲ್ಲೇ ನೋಡಿದ್ರು, 17 ಸಣ್ಣ ಪ್ರಯೋಗ, 366 ಜನ, ಸುಮ್ನೆ ಮಲಗಿರೋದಕ್ಕಿಂತ ಸ್ವಲ್ಪ ನೋವು ಕಮ್ಮಿ ಅಂತ ಬಂತು. ಅಂದ್ರೆ ಕಾಸ್ಟ್ಲಿದಕ್ಕಿಂತ ಡ್ರಮ್ಮಿಗೇ ಜಾಸ್ತಿ ಸಾಕ್ಷಿ ಇದೆ ನೋಡು!

ಹಂಗಾಗಿ ಬೆಂಗಳೂರಿನ ಬಸ್ ಚಾರ್ಜೂ ಉಳ್ಸು. ಮೊದಲ ರಾತ್ರಿ ಮ್ಯಾಚ್ ಮುಗಿದ ಮೇಲೆ ಒಂದು ನೀಲಿ ಡ್ರಮ್ಮು, ಸೊಂಟದ ತನಕ ನೀರು, 10ರಿಂದ 15 ಡಿಗ್ರಿ, ಹತ್ತು ನಿಮಿಷ. 150 ಲೀಟ್ರು ಬೋರ್ ನೀರು 25 ಡಿಗ್ರಿ ಇದ್ರೆ 13ಕ್ಕೆ ಇಳಿಸಕ್ಕೆ ಸುಮಾರು 20 ಕೆಜಿ ಐಸ್ ಬೇಕು, ಐಸ್ ಫ್ಯಾಕ್ಟರಿಲಿ ಬ್ಲಾಕ್ ತಗೊಂಡು ಗೋಣಿಚೀಲದಲ್ಲಿ ಹಾಕಿ ಕುಟ್ಕೊಂಡ್ರಾಯ್ತು. ಹಾಲಿನ ಡೈರಿಲಿ ಬಿಡೋ ಥರ್ಮಾಮೀಟರ್ ಒಂದು ಇಸ್ಕೊಂಡು ಅಳೀರಿ. ನಾನು ಮೊದಲ ಸಲ ಹುಡುಗರಿಗೆ ಮಾಡಿಸ್ದಾಗ ಕಣ್ಣಂದಾಜಲ್ಲಿ ಐಸ್ ಸುರಿದು, ಆಮೇಲೆ ಅಳೆದು ನೋಡಿದ್ರೆ 6 ಡಿಗ್ರಿ! ಒಬ್ಬ ಹುಡುಗ ಅಷ್ಟರಲ್ಲೇ ಎದ್ದು ಟವಲ್ ಬಿಟ್ಟು ಓಡಿದ್ದ.

ಪ್ರಶ್ನೆ: ನಾನು ಪಿಯುಸಿ ಓದ್ತಾ ಇದೀನಿ, ಜಿಮ್ಮಿಗೆ ಹೋಗ್ತೀನಿ. ಸ್ಕ್ವಾಟ್ ಮಾಡಿದ ದಿನ ಎಲ್ಲಾ ಐಸ್ ನೀರಲ್ಲಿ ಕೂತ್ರೆ ಬೇಗ ಬಾಡಿ ಬರತ್ತಾ?
– ಶಿಡ್ಲಘಟ್ಟ

ಉತ್ತರ: ಬರಲ್ಲ, ಬರೋದೂ ನಿಂತೋಗ್ಬೋದು. ಆಸ್ಟ್ರೇಲಿಯಾದಲ್ಲಿ 12 ವಾರ ಒಂದು ಪ್ರಯೋಗ ಮಾಡಿದ್ರು, 2015ರಲ್ಲಿ ಬಂತು ರಿಸಲ್ಟು. ತೂಕ ಎತ್ತಿದ ಮೇಲೆ ಕೆಲವರನ್ನ 10 ಡಿಗ್ರಿ ನೀರಲ್ಲಿ ಹತ್ತು ನಿಮಿಷ ಕೂರ್ಸಿದ್ರು, ಇನ್ನು ಕೆಲವರಿಗೆ ಸುಮ್ನೆ ನಿಧಾನಕ್ಕೆ ಸೈಕಲ್ ತುಳ್ಸಿದ್ರು. ಕೊನೆಗೆ ತೊಡೆ ಜಾಸ್ತಿ ದಪ್ಪ ಆಗಿದ್ದೂ, ಶಕ್ತಿ ಜಾಸ್ತಿ ಬಂದಿದ್ದೂ ಸೈಕಲ್ ತುಳಿದವ್ರಿಗೆ. ಆ ಊತ ಇದ್ಯಲ್ಲ, ಅದೇ ಮೈಗೆ ಇಲ್ಲಿ ಗೋಡೆ ಇನ್ನೊಂದ್ ವರ್ಸೆ ಕಟ್ಟು ಅಂತ ಹೇಳೋದು, ನೀವು ಐಸ್ ಹಾಕಿ ಮೇಸ್ತ್ರಿನೇ ಮನೆಗೆ ಕಳ್ಸಿದ್ರೆ ಹೆಂಗೆ? ನಾಳೆನೇ ಮ್ಯಾಚ್ ಇರೋ ಗುಬ್ಬಿ ಹುಡುಗನಿಗೆ ಡ್ರಮ್ ಸರಿ, ಮೂರು ತಿಂಗಳು ಬಾಡಿ ಕಟ್ಟೋ ನಿಂಗೆ ಬೇಡ. ನೀನು ಮೊಟ್ಟೆ, ಹುರುಳಿಕಾಳು ತಿಂದು ಎಂಟು ಗಂಟೆ ನಿದ್ದೆ ಮಾಡು, ರಾತ್ರಿ ಒಂದು ಗಂಟೆ ತನಕ ರೀಲ್ಸ್ ನೋಡೋದು ಬಿಟ್ಟು.

ಅಂದಹಾಗೆ ಇನ್ನೊಂದು ತಮಾಷೆ. 2014ರಲ್ಲಿ ಇನ್ನೊಂದು ಪ್ರಯೋಗದಲ್ಲಿ ಕೆಲವರಿಗೆ ಬೆಚ್ಚಗಿನ ನೀರಿಗೆ ಬರೀ ಮೈ ತೊಳೆಯೋ ಸೋಪ್ ಹಾಕಿ, ಇದು ರಿಕವರಿ ಎಣ್ಣೆ, ಐಸಷ್ಟೇ ಕೆಲಸ ಮಾಡತ್ತೆ ಅಂತ ಸುಳ್ಳು ಹೇಳಿ ಕೂರ್ಸಿದ್ರು. ಅವ್ರ ಕಾಲಿನ ಶಕ್ತಿನೂ ಐಸ್ ನೀರಲ್ಲಿ ಕೂತವ್ರಷ್ಟೇ ವಾಪಸ್ ಬಂತು. ನಮ್ಮಜ್ಜಿ ಹರಳೆಣ್ಣೆ ತಿಕ್ಕಿ "ಹೋಯ್ತು ಬಿಡು ನೋವು" ಅಂತಿದ್ಲು, ಹೋಗ್ತಾನೂ ಇತ್ತು.

ಪ್ರಶ್ನೆ: ಮಗ ಲಾಂಗ್ ರನ್ನಿಂಗ್ ಮಾಡ್ತಾನೆ. ಮೊಬೈಲ್ ನೋಡ್ಕೊಂಡು ದಿನಾ ಬೆಳಿಗ್ಗೆ ಒಬ್ನೇ ಬಾತ್ರೂಮ್ ಬಾಗಿಲು ಹಾಕ್ಕೊಂಡು ಐಸ್ ನೀರಿಗೆ ತಲೆ ಸಮೇತ ಮುಳುಗ್ತಾನೆ. ನಮ್ಮತ್ತೆ ಶೀತ ಆಗತ್ತೆ ಅಂತ ಕೂಗಾಡ್ತಾರೆ. ಏನ್ ಮಾಡ್ಲಿ?
– ಮುಳಬಾಗಿಲು

ಉತ್ತರ: ಅಕ್ಕಾ, ಶೀತ ವೈರಸ್ಸಿಂದ ಬರೋದು, ಆದ್ರೆ ಕೂಗಾಟದಲ್ಲಿ ನಾನು ನಿಮ್ಮತ್ತೆ ಕಡೆ. ತಣ್ಣೀರಿಗೆ ದಿಢೀರ್ ಇಳಿದಾಗ ಮೊದಲ ಅರ್ಧ ನಿಮಿಷ ಎಲ್ರಿಗೂ ಹಾ ಅಂತ ಉಸಿರು ಎಳ್ಕೊಳ್ಳೋ ಹಂಗಾಗತ್ತೆ, ಅದು ನಮ್ ಕೈಲಿಲ್ಲ. ಆಗ ಬಾಯಿ ನೀರೊಳಗಿದ್ರೆ ನೀರೇ ಒಳಗೆ ಹೋಗತ್ತೆ. ಎದೆ ಬಡಿತ, ಬಿಪಿ ಎರಡೂ ಜಿಗಿಯತ್ತೆ. ಹಂಗಾಗಿ ತಲೆ ಮುಳುಗಿಸೋದು ಬೇಡ, ಚಿಲಕ ಹಾಕೋದು ಬೇಡ, ಪಕ್ಕದಲ್ಲಿ ಯಾರಾದ್ರೂ ಇರ್ಲಿ. ಹಾರ್ಟ್ ಪ್ರಾಬ್ಲಮ್ಮು, ಹತೋಟಿಗೆ ಬರದ ಬಿಪಿ, ಚಳಿಗೆ ಬೆರಳು ಬೆಳ್ಳಗಾಗಿ ಮರಗಟ್ಟೋರು, ತಣ್ಣೀರಿಗೆ ಮೈಯೆಲ್ಲಾ ದದ್ದು ಬರೋರು, ಬಸುರಿಯರು ಇದರ ಹತ್ರನೂ ಹೋಗ್ಬಾರ್ದು. ದಿನಾ ಮಾಡೋ ಅಗತ್ಯನೂ ಇಲ್ಲ, ರೇಸ್ ಆದ ದಿನ ಸಾಕು ಅಂತ ನಾನು ಹೇಳ್ದೆ ಅನ್ನಿ.

ಪ್ರಶ್ನೆ: ನಮ್ಮೂರಿಗೆ ಹಸು ಇನ್ಸೆಮಿನೇಶನ್ನಿಗೆ ಬರೋರ ಹತ್ರ ನೈಟ್ರೋಜನ್ ಕ್ಯಾನ್ ಇರತ್ತೆ. ಅದೇ ಗ್ಯಾಸ್ ಇಟ್ಕೊಂಡು ಜಿಮ್ ಪಕ್ಕದ ರೂಮಲ್ಲಿ ನಾನೇ ಕ್ರಯೋ ಸೆಂಟರ್ ಮಾಡಿದ್ರೆ?
– ಮಾಲೂರು

ಉತ್ತರ: ಐಡಿಯಾ ಏನೋ ಭಲೇ, ಆದ್ರೆ ಬೇಡಾಂದ್ರೆ ಬೇಡ. ಆ ಕ್ಯಾನ್ ಮುಚ್ಚಳ ತೆಗೆದಾಗ ಬಿಳಿ ಹೊಗೆ ಥರ ಅಂಚಿಂದ ಕೆಳಗಿಳಿದು ನೆಲದ ಮೇಲೆ ಹರ್ಕೊಂಡು ಹೋಗತ್ತಲ್ಲ, ಒಳಗಿರೋದು ಮೈನಸ್ 196 ಡಿಗ್ರಿ ದ್ರವ. ಅವ್ರು ವೀರ್ಯದ ಕಡ್ಡಿನ ಇಕ್ಕಳದಲ್ಲೇ ಯಾಕೆ ಎತ್ತೋದು ಅಂತ ನೋಡಿದೀರಾ? ಚರ್ಮಕ್ಕಿಂತ ದೊಡ್ಡ ಅಪಾಯ ಉಸಿರಿಂದು. ಈ ದ್ರವ ಆವಿಯಾದ್ರೆ ಸುಮಾರು 700 ಪಟ್ಟು ಹಿಗ್ಗತ್ತೆ, ಮುಚ್ಚಿದ ರೂಮಲ್ಲಿ ಆಕ್ಸಿಜನ್ನನ್ನ ಪಕ್ಕಕ್ಕೆ ತಳ್ಳತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಉಸಿರು ಕಟ್ಟಿದ ಹಂಗೂ ಅನ್ಸಲ್ಲ, ಸೀದಾ ಪ್ರಜ್ಞೆ ತಪ್ಪತ್ತೆ. 2015ರಲ್ಲಿ ಅಮೆರಿಕಾದಲ್ಲಿ ಇಂಥ ಸೆಂಟರಲ್ಲಿ ಕೆಲಸ ಮಾಡ್ತಿದ್ದ ಹೆಣ್ಮಗಳೊಬ್ಳು ಅಂಗಡಿ ಮುಚ್ಚಿದ ಮೇಲೆ ಒಬ್ಳೇ ಮಷೀನ್ ಒಳಗೆ ಹೋಗಿ ಸತ್ತೋದ್ಲು. ಮುಂದಿನ ವರ್ಷ ಅಲ್ಲಿ ಔಷಧಿ, ವೈದ್ಯಕೀಯ ಮಷೀನಿಗೆಲ್ಲಾ ಒಪ್ಪಿಗೆ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಮಷೀನ್ ಒಂದಕ್ಕೂ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಎಚ್ಚರಿಕೆ ಹೊರಡಿಸ್ತು. ದೊಡ್ಡ ಆಟಗಾರರೂ ತಪ್ಪಿಸ್ಕೊಂಡಿಲ್ಲ, ಓಟಗಾರ ಜಸ್ಟಿನ್ ಗ್ಯಾಟ್ಲಿನ್ 2011ರಲ್ಲಿ ಒದ್ದೆ ಸಾಕ್ಸ್ ಹಾಕ್ಕೊಂಡೇ ಕ್ರಯೋ ರೂಮಿಗೆ ಹೋಗಿ ಎರಡೂ ಪಾದ ಹಿಮಗಟ್ಟಿಸ್ಕೊಂಡು, ಅದೇ ಕಾಲಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ಓಡಿ ಸೆಮಿಫೈನಲಲ್ಲೇ ಹೊರಗೆ ಬಿದ್ದ.

ಪ್ರಶ್ನೆ: ಕಾಲು ಉಳುಕಿದ್ರೆ ಐಸಾ, ಬಿಸಿನೀರಾ? ಒಂದೇ ಮಾತಲ್ಲಿ ಹೇಳಿ.
– ತಿಪಟೂರು

ಉತ್ತರ: ಮೊದಲ ಎರಡು ದಿನ ಐಸು, ಅದೂ ನೋವಿಗೆ ಮಾತ್ರ. ಐಸ್ ಇಡು, ಬಿಗಿ ಕಟ್ಟು, ಕಾಲು ಮೇಲಿಡು, ರೆಸ್ಟ್ ಮಾಡು ಅನ್ನೋ ಸೂತ್ರನ 1978ರಲ್ಲಿ ಬರೆದ ಅಮೆರಿಕಾದ ಡಾಕ್ಟರ್ ಗೇಬ್ ಮರ್ಕಿನ್ ಅವರೇ ಆಮೇಲೆ ಐಸು, ಪೂರ್ತಿ ರೆಸ್ಟು ಎರಡೂ ವಾಸಿಯಾಗೋದನ್ನ ತಡ ಮಾಡ್ಬೋದು ಅಂತ ಮಾತು ಬದಲಾಯಿಸಿದ್ರು. ಐಸನ್ನ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಇಟ್ಟು ತೆಗೀರಿ. ನಾನೇ ಕಾಲೇಜಲ್ಲಿದ್ದಾಗ ಐಸ್‌ನ ಸೀದಾ ಚರ್ಮಕ್ಕಿಟ್ಟು ಕ್ರೇಪ್ ಬ್ಯಾಂಡೇಜ್ ಬಿಗಿದು ನಿದ್ದೆ ಹೋಗ್ಬಿಟ್ಟಿದ್ದೆ, ಎದ್ದಾಗ ಕಣಕಾಲ ಮೇಲೆ ನಾಲ್ಕಾಣೆ ಅಗಲ ಬೊಬ್ಬೆ, ಕಲೆ ಇನ್ನೂ ಇದೆ. ಮೂರ್ನೇ ದಿನದಿಂದ ಮೆಲ್ಲಗೆ ಕಾಲೂರಿ ನಡೀರಿ. ನಾಲ್ಕು ಹೆಜ್ಜೆನೂ ಊರಕ್ಕಾಗಲ್ಲ ಅಂದ್ರೆ ಐಸೂ ಬೇಡ ಬಿಸಿನೀರೂ ಬೇಡ, ಎಕ್ಸ್‌ರೇ ತೆಗೆಸಿ. ಒಂದೇ ಮಾತಲ್ಲಿ ಆಗ್ಲಿಲ್ಲ, ಸಾರಿ.