44 ವಿಕೆಟ್ ಪಡೆದವರನ್ನು ಕೈಬಿಟ್ಟದ್ದೇಕೆ?

ಶಿವಮೊಗ್ಗದ ದೈಹಿಕ ಶಿಕ್ಷಕರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಲೇಖನದಲ್ಲಿ ಫ್ಲಿಪ್ಪರ್ ಎಸೆತವನ್ನು ಶೇನ್ ವಾರ್ನ್ ಕಂಡುಹಿಡಿದರು ಎಂದಿದೆ. ಅದು ಕ್ಲಾರಿ ಗ್ರಿಮೆಟ್ ಅವರದಲ್ಲವೇ? ಕೊನೆಯ ಸರಣಿಯಲ್ಲಿ 44 ವಿಕೆಟ್ ಪಡೆದವರನ್ನು ಮತ್ತೆ ಏಕೆ ಕರೆಯಲಿಲ್ಲ? ನಮ್ಮ ಶಾಲೆಯಲ್ಲಿ ಲೆಗ್ ಸ್ಪಿನ್ ಕಲಿಯುತ್ತಿರುವ ಎಂಟನೆಯ ತರಗತಿಯ ಹುಡುಗಿಗೆ ಇದನ್ನು ಹೇಳಬೇಕಾಗಿದೆ."

ಮಾನ್ಯರೇ,

ತಪ್ಪು ನಮ್ಮದು. ಫ್ಲಿಪ್ಪರ್‌ನ ಹೆಗ್ಗಳಿಕೆ ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಗ್ರಿಮೆಟ್ ಅವರಿಗೇ ಸಲ್ಲಬೇಕು. ವಾರ್ನ್ ಅದನ್ನು ಜಗತ್ತಿಗೆಲ್ಲ ಪರಿಚಯಿಸಿದರು, ಅಷ್ಟೇ.

ಗ್ರಿಮೆಟ್ ಹುಟ್ಟಿದ್ದು 1891ರ ಕ್ರಿಸ್‌ಮಸ್ ದಿನ, ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ. ಆಗ ಆ ದೇಶಕ್ಕೆ ಟೆಸ್ಟ್ ತಂಡವೇ ಇರಲಿಲ್ಲ. 1914ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಬಂದರು, ಅಲ್ಲಿಂದ ಮೆಲ್ಬರ್ನ್‌ಗೆ ಹೋದರು. ಹೊಟ್ಟೆಪಾಡಿಗೆ ನಾಮಫಲಕ ಬರೆಯುವ ಕೆಲಸ. ಮನೆಯ ಹಿತ್ತಲಲ್ಲಿ ಪಿಚ್ ಮಾಡಿಕೊಂಡು ಒಬ್ಬರೇ ಚೆಂಡು ಎಸೆಯುತ್ತಿದ್ದರು. ಚೆಂಡುಗಳೆಲ್ಲ ಮುಗಿಯುವವರೆಗೆ ಅವರ ನಾಯಿ ಸುಮ್ಮನೆ ಕಾದು ಕುಳಿತಿದ್ದು, ಆಮೇಲೆ ಒಂದೊಂದಾಗಿ ಕಚ್ಚಿಕೊಂಡು ತಂದುಕೊಡುತ್ತಿತ್ತು. ಅಲ್ಲಿನ ವಿಕ್ಟೋರಿಯಾ ರಾಜ್ಯ ತಂಡ ಹೆಚ್ಚು ಅವಕಾಶ ಕೊಡದಿದ್ದಾಗ ಅಡಿಲೇಡ್ ಸೇರಿದರು. 1925ರಲ್ಲಿ ಸಿಡ್ನಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ವಯಸ್ಸು 33. ಆ ಪಂದ್ಯದಲ್ಲಿ 82 ರನ್ನಿಗೆ 11 ವಿಕೆಟ್!

1930ರ ಇಂಗ್ಲೆಂಡ್ ಪ್ರವಾಸ ಎಂದರೆ ಎಲ್ಲರಿಗೂ ಬ್ರಾಡ್ಮನ್ ಅವರ 974 ರನ್ ನೆನಪಾಗುತ್ತದೆ. ಅದೇ ಸರಣಿಯಲ್ಲಿ ಗ್ರಿಮೆಟ್ 29 ವಿಕೆಟ್ ಕಿತ್ತಿದ್ದರು.

ಫ್ಲಿಪ್ಪರ್ ಅವರ ಕೈಗೆ ಸುಲಭವಾಗಿ ಒಲಿದದ್ದಲ್ಲ, ವರ್ಷಗಟ್ಟಲೆ ಅಭ್ಯಾಸ ಮಾಡಿದ ಮೇಲೆ ಬಂದದ್ದು. ನಾವು ಚಿಟಿಕೆ ಹೊಡೆಯುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕ್ರಿಯೆ: ಹೆಬ್ಬೆರಳು ಮತ್ತು ಮೊದಲೆರಡು ಬೆರಳುಗಳ ನಡುವೆ ಅದುಮಿ ಹಿಡಿದ ಚೆಂಡು ಕೈಯಡಿಯಿಂದ ಚಿಮ್ಮುತ್ತದೆ. ಅದು ಹಿಮ್ಮುಖವಾಗಿ ತಿರುಗುತ್ತ ಹೋಗಿ, ನೆಲಕ್ಕೆ ಬಿದ್ದ ಮೇಲೆ ಪುಟಿಯದೆ ಸರ್ರನೆ ಜಾರುತ್ತದೆ. ಹಿಂದೆ ಸರಿದು ಆಡಲು ಹೋದ ದಾಂಡಿಗನ ಕಾಲಿಗೋ ಸ್ಟಂಪಿಗೋ ಬಡಿಯುತ್ತದೆ. ಬೆರಳಿನ ಸದ್ದನ್ನು ಕೇಳಿಯೇ ದಾಂಡಿಗರು ಎಸೆತವನ್ನು ಗುರುತಿಸತೊಡಗಿದಾಗ, ಗ್ರಿಮೆಟ್ ಬಲಗೈಯಿಂದ ಲೆಗ್ ಬ್ರೇಕ್ (ಲೆಗ್ ಸ್ಪಿನ್ನರನ ಮಾಮೂಲಿ ಎಸೆತ) ಎಸೆಯುತ್ತ ಎಡಗೈಯಿಂದ ಚಿಟಿಕೆ ಹೊಡೆದು ಏಮಾರಿಸುತ್ತಿದ್ದರಂತೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. 1935–36ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಐದು ಟೆಸ್ಟ್‌ಗಳಿಂದ 44 ವಿಕೆಟ್, ಡರ್ಬನ್‌ನ ಕೊನೆಯ ಟೆಸ್ಟಿನಲ್ಲೇ 13. ಟೆಸ್ಟ್‌ನಲ್ಲಿ 200 ವಿಕೆಟ್ ದಾಟಿದ ಮೊದಲ ಬೌಲರ್ ಆದದ್ದೂ ಆ ಪ್ರವಾಸದಲ್ಲೇ. 36ನೆಯ ಟೆಸ್ಟಿನಲ್ಲಿ ಮಾಡಿದ ಆ ಸಾಧನೆಯನ್ನು 2018ರಲ್ಲಿ ಪಾಕಿಸ್ತಾನದ ಯಾಸಿರ್ ಷಾ ಮುರಿಯುವವರೆಗೆ ಅಷ್ಟು ಬೇಗ ಯಾರೂ ಆ ಸಂಖ್ಯೆಯನ್ನು ತಲುಪಿರಲಿಲ್ಲ. ಇಷ್ಟಾಗಿಯೂ ಗ್ರಿಮೆಟ್ ಮತ್ತೆ ಟೆಸ್ಟ್ ಆಡಲೇ ಇಲ್ಲ. 37 ಟೆಸ್ಟ್, 216 ವಿಕೆಟ್, ಅಲ್ಲಿಗೆ ನಿಂತಿತು. ಅವರಿಗಾಗಲೇ 44 ವರ್ಷ. ಹೊಸ ನಾಯಕ ಬ್ರಾಡ್ಮನ್ ಆಯ್ಕೆಗಾರರೂ ಆಗಿದ್ದರು. ಫ್ಲಿಪ್ಪರ್‌ನ ಗುಂಗಿನಲ್ಲಿ ಗ್ರಿಮೆಟ್ ಲೆಗ್ ಬ್ರೇಕನ್ನೇ ಮರೆತಿದ್ದಾರೆ ಎಂಬುದು ಅವರ ಅಭಿಪ್ರಾಯವಾಗಿತ್ತು ಎನ್ನುತ್ತಾರೆ. 1938ರ ಇಂಗ್ಲೆಂಡ್ ಪ್ರವಾಸಕ್ಕೆ ಗ್ರಿಮೆಟ್ ಬದಲು ಇನ್ನೊಬ್ಬ ಲೆಗ್ ಸ್ಪಿನ್ನರ್ ಫ್ರ್ಯಾಂಕ್ ವಾರ್ಡ್ ಹೋದರು. ಆಡಿದ ಒಂದೇ ಟೆಸ್ಟಿನಲ್ಲಿ 142 ರನ್ ಕೊಟ್ಟು ಒಂದು ವಿಕೆಟ್ಟೂ ಸಿಗಲಿಲ್ಲ. ಗ್ರಿಮೆಟ್‌ರ ಜೊತೆಗಾರ ಬಿಲ್ ಓ'ರೈಲಿ ಈ ಅನ್ಯಾಯವನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ನನಗೂ ಇದು ಅನ್ಯಾಯವೆಂದೇ ತೋರುತ್ತದೆ. ನೋಡಬೇಕಾದ್ದು ಎಸೆತವನ್ನು, ಹುಟ್ಟಿದ ವರ್ಷವನ್ನಲ್ಲ.

1937ರ ನವೆಂಬರಿನಲ್ಲಿ ಗ್ರಿಮೆಟ್ ಮತ್ತು ಆಸ್ಟ್ರೇಲಿಯಾದ ಹಿಂದಿನ ನಾಯಕ ವಿಕ್ ರಿಚರ್ಡ್ಸನ್ ಅವರಿಗಾಗಿ ಅಡಿಲೇಡ್‌ನಲ್ಲಿ ಸಹಾಯಾರ್ಥ ಪಂದ್ಯ ನಡೆಯಿತು. ಟಿಕೆಟ್ಟಿನ ಹಣ ಅವರಿಬ್ಬರಿಗೆ. ಬ್ರಾಡ್ಮನ್ ಕ್ರೀಸಿನಲ್ಲಿದ್ದಷ್ಟು ಹೊತ್ತು ಜನ ಬರುತ್ತಾರೆ. ಆದರೆ 17 ರನ್ ಗಳಿಸಿದ್ದ ಬ್ರಾಡ್ಮನ್‌ರನ್ನು ಗ್ರಿಮೆಟ್ ಬೌಲ್ಡ್ ಮಾಡಿಬಿಟ್ಟರು, ಅದೂ ಲೆಗ್ ಬ್ರೇಕ್‌ನಿಂದ! ಮರುದಿನದ ಗಳಿಕೆ ಹೋಯಿತೆಂದು ರಿಚರ್ಡ್ಸನ್ ಪೇಚಾಡಿಕೊಂಡರಂತೆ. ಗ್ರಿಮೆಟ್‌ಗೆ ಆ ಒಂದು ಎಸೆತ ಹಣಕ್ಕಿಂತ ದೊಡ್ಡದಾಗಿತ್ತು.

1939–40ರ ಋತುವಿನಲ್ಲಿ, 48ನೆಯ ವಯಸ್ಸಿನಲ್ಲಿ, ಅವರು 73 ವಿಕೆಟ್ ಪಡೆದರು. 1980ರಲ್ಲಿ ಅಡಿಲೇಡ್‌ನಲ್ಲೇ ತೀರಿಕೊಂಡರು. ಅವರ ಫ್ಲಿಪ್ಪರ್ ಆಸ್ಟ್ರೇಲಿಯಾದ ಮುಂದಿನ ಲೆಗ್ ಸ್ಪಿನ್ನರ್‌ಗಳಾದ ಬ್ರೂಸ್ ಡೂಲಂಡ್ ಅವರಿಗೂ, ಅವರಿಂದ ರಿಚಿ ಬೆನೊ ಅವರಿಗೂ ದಾಟಿತು. ನಮ್ಮ ಅನಿಲ್ ಕುಂಬ್ಳೆ ಅವರ ವೇಗದ ಫ್ಲಿಪ್ಪರ್ ನೋಡಿದವರಿಗೆ ಅದರ ಹರಿತ ಗೊತ್ತು.

ನಿಮ್ಮ ವಿದ್ಯಾರ್ಥಿನಿ ಮೊದಲು ಓಡಿಬಂದು ಎಸೆಯುವುದು ಬೇಡ. ನಿಂತಲ್ಲೇ, ಟೆನಿಸ್ ಚೆಂಡನ್ನು ಚಿಟಿಕೆ ಹೊಡೆದಂತೆ ಕೈಯಡಿಯಿಂದ ಚಿಮ್ಮಿಸಿ ನೋಡಲಿ. ನೆಲಕ್ಕೆ ಬಿದ್ದ ಚೆಂಡು ತನ್ನ ಕಡೆಗೇ ವಾಪಸು ಬಂದ ದಿನ ನಮಗೊಂದು ಕಾಗದ ಬರೆಯಿರಿ.

– ಸಂಪಾದಕ