ಟ್ರೇಲರ್‌ಗೆ ಕಡಿಮೆ ಬೆಲೆಯ ಟೈರ್ ನಂಬಬಹುದಾ?

ಅಣ್ಣಾ, ಆಳಂದದಿಂದ ಕಲಬುರಗಿ ಎಪಿಎಂಸಿಗೆ ತೊಗರಿ ತರುವ ನಿಮ್ಮ ಟ್ರೇಲರ್‌ಗೆ ಕಡಿಮೆ ಬೆಲೆಯ ಟೈರ್ ಹಾಕಬಹುದಾ ಎಂದು ಕೇಳಿದ್ದೀರಿ. ಮೊದಲು ಅದು ಯಾವಾಗ ತಯಾರಾಯಿತು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದ್ದು. ಎಷ್ಟೇ ಹೊಳೆಯಲಿ, ಅಂಥ ಹಳೇ ಮಾಲು ಬೇಡ. ನಾನು ನೋಡದೆ ತಂದಿದ್ದೆ. ಮೇ ಬಿಸಿಲಲ್ಲಿ, ಲೋಡ್ ಇದ್ದಾಗಲೇ, ಸೇಡಂ ರಸ್ತೆಯಲ್ಲಿ ಒಡೆಯಿತು. ಪುಣ್ಯಕ್ಕೆ ಹಿಂದೆ ಯಾರೂ ಬರುತ್ತಿರಲಿಲ್ಲ.

ಆಮೇಲೆ ಲೋಡ್ ಇಂಡೆಕ್ಸ್ ನೋಡಿ, ಅಂದರೆ ಟೈರ್ ಎಷ್ಟು ಭಾರ ತಾಳುತ್ತದೆ ಎಂದು ಹೇಳುವ ಸಂಖ್ಯೆ. 120 ಅಂದರೆ ಒಂದು ಟೈರಿಗೆ 1,400 ಕೆಜಿ, ನಾಲ್ಕಕ್ಕೆ 5,600. ಟ್ರೇಲರಿನ ತೂಕವೂ ಇದರಲ್ಲೇ ಸೇರಬೇಕು, ಅಲ್ವಾ? ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿದ್ದಾಗಲೇ ಚೆಕ್ ಮಾಡಿ. ಗಾಳಿ ಕಡಿಮೆಯಾದರೆ ಟೈರ್ ಜಾಸ್ತಿ ಕಾಯುತ್ತದೆ. ಆ ನಾಲ್ಕು ಅಂಕಿಯ ಫೋಟೋ ಹಾಕಿ, ನಾನೂ ನೋಡಿ ಹೇಳುತ್ತೇನೆ.