ದಿನಕ್ಕೆ ಎರಡೇ ಬ್ಯಾಗ್ ಸಾಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ, ಸಕ್ಕರೆ ಕಾಯಿಲೆಯಿದೆ. ಕಿಡ್ನಿ ಕೆಟ್ಟು ಹೊಟ್ಟೆಯ ಡಯಾಲಿಸಿಸ್ (ಬ್ಯಾಗಿನ ನೀರನ್ನು ಹೊಟ್ಟೆಗೆ ತುಂಬಿ, ಕೆಲವು ಗಂಟೆ ಬಿಟ್ಟು ಹೊರತೆಗೆಯುವುದು) ಶುರುವಾಗಿದೆ. ಡಾಕ್ಟರು ಎರಡು ಲೀಟರಿನ ಎರಡೇ ಬ್ಯಾಗ್ ಬರೆದಿದ್ದಾರೆ. ಪಕ್ಕದ ಬೀದಿಯವರೊಬ್ಬರು ನಾಲ್ಕು ಹಾಕುತ್ತಾರೆ. ನಮಗೆ ಕಡಿಮೆಯಾಯಿತೇ? ಕಾಲು ಊದಿದರೆ ಜಾಸ್ತಿ ಸ್ಟ್ರಾಂಗ್ ಬ್ಯಾಗ್ ಹಾಕಬಹುದೇ?

ಉತ್ತರ: ತಂದೆಯವರಿಗೆ ಇನ್ನೂ ಮೂತ್ರ ಚೆನ್ನಾಗಿ ಬರುತ್ತಿದ್ದರೆ ಎರಡು ಬ್ಯಾಗ್ ಸಾಕಾಗಬಹುದು. ಕಿಡ್ನಿ ಮಾಡುವ ಕೆಲಸ, ಬ್ಯಾಗ್ ಮಾಡುವ ಕೆಲಸ ಎರಡನ್ನೂ ಕೂಡಿಸಿಯೇ ಲೆಕ್ಕ. ವಾರದ ಕೆಟಿ/ವಿ (ರಕ್ತದ ಕಶ್ಮಲ ಎಷ್ಟು ಹೊರಹೋಯಿತೆಂಬ ಅಳತೆ) ಒಟ್ಟು 1.7ರಷ್ಟಿದ್ದು, ಊಟ ಸೇರುತ್ತಾ, ಓಡಾಡಲು ಶಕ್ತಿಯಿದ್ದರೆ ಬ್ಯಾಗ್ ಹೆಚ್ಚಿಸಿ ಸುಸ್ತು ಮಾಡಿಸುವ ಅಗತ್ಯವಿಲ್ಲ. ಆದರೆ ಮೂತ್ರ ಇಳಿಯುತ್ತಾ ಹೋದಂತೆ ಮೂರು, ನಾಲ್ಕು ಬ್ಯಾಗ್ ಬೇಕಾಗುತ್ತದೆ. ಅದಕ್ಕೇ ಡಾಕ್ಟರು ಹೇಳಿದಾಗಲೆಲ್ಲ 24 ಗಂಟೆಯ ಮೂತ್ರವನ್ನೂ ಹೊರಬಂದ ನೀರನ್ನೂ ಹಿಡಿದು ಕೊಡಿ. ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಉಳಿದಿರುವ ಅಷ್ಟಿಷ್ಟು ಕಿಡ್ನಿಯನ್ನೂ ಅವು ಕೆಡಿಸುತ್ತವೆ.

ಬ್ಯಾಗಿನಲ್ಲಿ 1.5, 2.5, 4.25 ಶೇಕಡಾ ಎಂದು ಮೂರು ಬಗೆ. ಮೈಯ ನೀರನ್ನು ಎಳೆಯುವುದು ಅದರಲ್ಲಿರುವ ಸಕ್ಕರೆ. ಗಂಟೆ ಕಳೆದಂತೆ ಆ ಸಕ್ಕರೆ ರಕ್ತಕ್ಕೆ ಸೇರಿ ಎಳೆತ ಕುಗ್ಗುತ್ತದೆ. ರಾತ್ರಿಯಿಡೀ ಬಿಟ್ಟರೆ 2,000 ಮಿ.ಲೀ. ಹೋದದ್ದು 1,800 ಆಗಿ ಬರುವುದೂ ಉಂಟು, ಅಂದರೆ 200 ಮೈಯಲ್ಲೇ ಉಳಿಯಿತು. ಇದು ಬೇಗ ಆಗುತ್ತದೋ ನಿಧಾನವೋ ಎಂಬುದು ಪೆಟ್ ಎಂಬ ಹೊಟ್ಟೆಯ ಪೊರೆಯ ಪರೀಕ್ಷೆಯಲ್ಲಿ (ಪೆಟ್ ಸ್ಕ್ಯಾನ್ ಅಲ್ಲ) ತಿಳಿಯುತ್ತದೆ: 2.5ರ ಬ್ಯಾಗ್ ನಾಲ್ಕು ಗಂಟೆ ಹೊಟ್ಟೆಯಲ್ಲಿಟ್ಟು, ಆ ನೀರಿನಲ್ಲಿ, ರಕ್ತದಲ್ಲಿ ಇರುವ ಕ್ರಿಯಾಟಿನಿನ್ ಎಂಬ ಕಶ್ಮಲವನ್ನು ಹೋಲಿಸುತ್ತಾರೆ. ಬೇಗ ಹೀರುವವರಿಗೆ ಬ್ಯಾಗ್ ಹೊಟ್ಟೆಯಲ್ಲಿಡುವ ಅವಧಿ ಕಡಿಮೆ ಮಾಡಿ, ರಾತ್ರಿಗೆ ಐಕೊಡೆಕ್ಸ್‌ಟ್ರಿನ್ (ರಕ್ತಕ್ಕೆ ನಿಧಾನವಾಗಿ ಸೇರುವ ಬೇರೆ ಬಗೆಯ ಬ್ಯಾಗ್) ಬರೆಯುವುದುಂಟು. ಸಕ್ಕರೆ ಕಾಯಿಲೆಯವರು ಇಲ್ಲಿ ಎಚ್ಚರ! ಐಕೊಡೆಕ್ಸ್‌ಟ್ರಿನ್ ಬಳಸುವಾಗ ಕೆಲವು ಗ್ಲೂಕೋಮೀಟರ್ ಪಟ್ಟಿಗಳು ಇಲ್ಲದ ಸಕ್ಕರೆಯನ್ನು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯ. ನಿಮ್ಮ ಪಟ್ಟಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕಾಲು ಊದಿದರೆ ನೀವಾಗಿಯೇ 4.25 ಹಾಕಬೇಡಿ. ದಿನವೂ ಹಾಕಿದರೆ ಸಕ್ಕರೆ ಏರುತ್ತದೆ, ಹೊಟ್ಟೆಯ ಪೊರೆಯೂ ಸವೆಯುತ್ತದೆ. ಮೊದಲು ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿ, ತೂಕ, ಬಿ.ಪಿ., ಒಳಹೋದ ಮತ್ತು ಹೊರಬಂದ ನೀರಿನ ಲೆಕ್ಕ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಉಸಿರಾಟ ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ನೀರು ನಿಧಾನವಾಗಿ ಇಳಿಯುತ್ತಿದ್ದರೆ ಪೈಪ್ ಮಡಚಿದೆಯೇ ನೋಡಿ, ಆಮೇಲೆ ಮಲಬದ್ಧತೆ ಇದೆಯೇ ವಿಚಾರಿಸಿ. ತುಂಬಿದ ಕರುಳು ಒಳಗಿನ ಕೊಳವೆಯನ್ನು ಒತ್ತುವುದು ಬಹಳ ಸಾಮಾನ್ಯ. ಹೊರಬಂದ ನೀರು ಮಬ್ಬಾಗಿದ್ದರೆ ಸೋಂಕು ಎಂದೇ ತಿಳಿಯಿರಿ: ಆ ಬ್ಯಾಗನ್ನು ಚೆಲ್ಲದೆ, ಅದರೊಂದಿಗೇ ಅಂದೇ ಆಸ್ಪತ್ರೆಗೆ ಹೋಗಿ.